ಒಂದೇ ಮದುವೆ, ಎರಡು ತೀರ್ಪು: ಕ್ರೈಸ್ತ ದಂಪತಿ ಬೇರೆಯಾಗುವಾಗ ಆಗುವುದೇನು?

1996ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನ ತೀರ್ಪು ಕೊಟ್ಟಿತು. ಕೇರಳದ ಕ್ರೈಸ್ತ ಮಹಿಳೆಯೊಬ್ಬರ ಮೊದಲ ಮದುವೆ ಮುರಿದುಬಿದ್ದಿತ್ತು. ಅವರು ಚರ್ಚ್‌ನ ನ್ಯಾಯಮಂಡಳಿಗೆ ಹೋಗಿ ಬಿಡುಗಡೆಯ ಆದೇಶ ಪಡೆದರು. ಆಮೇಲೆ ಇನ್ನೊಬ್ಬರನ್ನು ಮದುವೆಯಾದರು. ಕೆಲಕಾಲದ ನಂತರ ಆ ಎರಡನೇ ಗಂಡನೇ ಕೋರ್ಟ್ ಮೆಟ್ಟಿಲು ಹತ್ತಿದ. "ಇವಳಿಗೆ ಮೊದಲ ಗಂಡ ಇದ್ದಾನೆ, ನಮ್ಮದು ಮದುವೆಯೇ ಅಲ್ಲ" ಎಂಬುದು ಅವನ ವಾದ. ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಚರ್ಚ್ ಕೊಟ್ಟ ಆದೇಶಕ್ಕೆ ದೇಶದ ಕಾನೂನಿನಲ್ಲಿ ಬೆಲೆ ಇಲ್ಲ, ಮೊದಲ ಮದುವೆ ಹಾಗೇ ಉಳಿದಿದೆ, ಹಾಗಾಗಿ ಎರಡನೆಯದು ಶೂನ್ಯ ಎಂದಿತು.

ಆಕೆಯ ಸ್ಥಿತಿ ಯೋಚಿಸಿ ನೋಡಿ. ಚರ್ಚ್ ಲೆಕ್ಕದಲ್ಲಿ ಮೊದಲ ಮದುವೆ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಎರಡನೆಯದು ಇಲ್ಲ.

ಈ ಗೊಂದಲಕ್ಕೆ ನಮ್ಮ ಕರಾವಳಿಯ ನಂಟೂ ಇದೆ. ಮಂಗಳೂರಿನ ಹಿರಿಯ ವಕೀಲ, ದಕ್ಷಿಣ ಕನ್ನಡ ಕಥೋಲಿಕ ಸಂಘಟನೆಯ ಅಧ್ಯಕ್ಷರೂ ಆಗಿದ್ದ ಕ್ಲಾರೆನ್ಸ್ ಪಾಯ್ಸ್ 2013ರಲ್ಲಿ ಸುಪ್ರೀಂ ಕೋರ್ಟ್‌ಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಚರ್ಚ್ ನ್ಯಾಯಮಂಡಳಿಯ ಆದೇಶಕ್ಕೂ ಕಾನೂನಿನ ಮಾನ್ಯತೆ ಕೊಡಿ ಎಂಬುದು ಬೇಡಿಕೆ. ಅವರ ಮಾತಿನಲ್ಲಿ ಒಂದು ನೋವು ಇತ್ತು. ಚರ್ಚ್ ಅನುಮತಿಯಿಂದಲೇ ಮರುಮದುವೆಯಾದವರು ಕೊನೆಗೆ ದ್ವಿಪತ್ನಿತ್ವದ ಕ್ರಿಮಿನಲ್ ಕೇಸು ಎದುರಿಸಬೇಕಾಗುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದು 494ನೇ ಸೆಕ್ಷನ್, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 82. ಏಳು ವರ್ಷದವರೆಗೆ ಜೈಲು. ಮುಸ್ಲಿಮರ ತಲಾಖನ್ನು ಕಾನೂನು ಒಪ್ಪುವುದಾದರೆ ಚರ್ಚ್‌ನ ಒಳಗಿನ ನಿಯಮಗಳಾದ ನಮ್ಮ ಕ್ಯಾನನ್ ಕಾನೂನನ್ನು ಯಾಕೆ ಒಪ್ಪಬಾರದು ಎಂದೂ ಕೇಳಿದ್ದರು. 2017ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಜೆ.ಎಸ್. ಖೇಹರ್ ಅವರಿದ್ದ ಪೀಠ ಅರ್ಜಿ ವಜಾ ಮಾಡಿತು. ತಮಾಷೆ ಎಂದರೆ, ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ಕೋರ್ಟ್ ತ್ರಿವಳಿ ತಲಾಖನ್ನೂ ಹೊಡೆದುಹಾಕಿತು. ಹೋಲಿಕೆಗೆ ಹಿಡಿದಿದ್ದ ಕಂಬವೇ ಹೋಯಿತು.

ನನ್ನ ಮಟ್ಟಿಗೆ ಆ ವಜಾ ಸರಿಯೇ. ಚರ್ಚ್ ನ್ಯಾಯಮಂಡಳಿಗೆ ಜೀವನಾಂಶ ಕೊಡಿಸುವ ಅಧಿಕಾರ ಇಲ್ಲ. ಮಗು ಯಾರ ಹತ್ತಿರ ಇರಬೇಕು ಎಂದು ಆದೇಶಿಸಿ ಅದನ್ನು ಪೊಲೀಸರ ಕೈಯಲ್ಲಿ ಜಾರಿ ಮಾಡಿಸುವ ಬಲವೂ ಇಲ್ಲ. ಕೊಡಿಸಲಾಗದವರು ಬಿಡಿಸಬಾರದು. ಆದರೆ ತೀರ್ಪು ಬಂದ ಮೇಲೂ ಗೊಂದಲ ಕಡಿಮೆಯಾಗಿಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ಜನಸಂಖ್ಯೆಯ ಶೇ 1.87. ಸಣ್ಣ ಸಮುದಾಯ. ಅದರಲ್ಲೂ ಮದುವೆ ಮುರಿದ ಮಾತು ಬಾಗಿಲು ಹಾಕಿಕೊಂಡೇ ಆಡುವ ಮಾತು. ಹಾಗಾಗಿ ತಪ್ಪು ಮಾಹಿತಿ ಸರಿ ಮಾಹಿತಿಗಿಂತ ಬೇಗ ಓಡುತ್ತದೆ.

ಮೊದಲಿಗೆ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು. ಕೋರ್ಟ್ ಮತ್ತು ಕಥೋಲಿಕ ಚರ್ಚ್ ಕೇಳುವ ಪ್ರಶ್ನೆಗಳೇ ಬೇರೆ. ಫ್ಯಾಮಿಲಿ ಕೋರ್ಟ್ ಕೇಳುವುದು, ಆದ ಮದುವೆಯನ್ನು ಈಗ ಮುಗಿಸಬೇಕಾ ಎಂದು. ಚರ್ಚ್‌ಗೆ ಈ ಪ್ರಶ್ನೆಯೇ ಇಲ್ಲ. ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು ಎಂಬ ಯೇಸುವಿನ ಮಾತನ್ನು ಕಥೋಲಿಕರು ಅಕ್ಷರಶಃ ಹಿಡಿದಿದ್ದಾರೆ. ಸರಿಯಾಗಿ ಆದ ಮದುವೆಯನ್ನು ಪೋಪ್ ಕೂಡ ಬಿಡಿಸಲಾರರು, ಗಂಡಹೆಂಡತಿಯಾಗಿ ಕೂಡಿ ಬಾಳದೇ ಇದ್ದ ಜೋಡಿಯಂಥ ಒಂದೆರಡು ವಿಶೇಷ ಸಂದರ್ಭ ಬಿಟ್ಟರೆ. ಚರ್ಚ್ ನೋಡುವುದು ಹಿಂದಕ್ಕೆ: ಆ ದಿನ ಬಲಿಪೀಠದ ಮುಂದೆ ನಿಂತು "ಒಪ್ಪಿದ್ದೇನೆ" ಎಂದರಲ್ಲ, ಆ ಒಪ್ಪಿಗೆ ನಿಜವಾದದ್ದಾ? ಒಪ್ಪಿಗೆಯಲ್ಲೇ ದೋಷವಿತ್ತು ಎಂದು ರುಜುವಾದರೆ ಆ ಮದುವೆ ಅಸಿಂಧು ಎಂದು ಸಾರುತ್ತದೆ. ಜನ ಇದನ್ನು ಅನಲ್‌ಮೆಂಟ್ ಎನ್ನುತ್ತಾರೆ, ಕೆಲವರು "ಚರ್ಚ್ ಡೈವೋರ್ಸ್" ಎಂದೂ ಹೇಳುತ್ತಾರೆ. ಡೈವೋರ್ಸ್ ಅದಲ್ಲ. ಇಪ್ಪತ್ತು ವರ್ಷ ಚೆನ್ನಾಗಿ ಬಾಳಿ ಆಮೇಲೆ ಗಂಡ ಕುಡುಕನಾದರೆ ಕೋರ್ಟ್ ವಿಚ್ಛೇದನ ಕೊಡಬಹುದು. ಚರ್ಚ್‌ನ ದೃಷ್ಟಿಯಲ್ಲಿ ಅದೊಂದೇ ಸಾಲದು.

ಈಗ ಕೋರ್ಟಿನ ಕಡೆ. ಕ್ರೈಸ್ತರ ವಿಚ್ಛೇದನ ಕಾಯ್ದೆ 1869ರದ್ದು. ಮದುವೆ ಕಾಯ್ದೆ 1872ರದ್ದು. ಬೆಳಿಗ್ಗೆ ಆರರಿಂದ ಸಂಜೆ ಏಳರ ಒಳಗೇ ಮದುವೆ ಆಗಬೇಕು ಎಂಬ ಸಾಲು ಇನ್ನೂ ಅದರಲ್ಲಿದೆ, ಕೆಲವು ವಿನಾಯಿತಿಗಳ ಜೊತೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಿಂದ ಎತ್ತಿ ತಂದ ಕಾನೂನಿಗೆ ಆ ಕಾಲದ ಗಂಡಸಿನ ಬುದ್ಧಿಯೇ ಇತ್ತು. ಹೆಂಡತಿ ವ್ಯಭಿಚಾರ ಮಾಡಿದಳು ಎಂದು ಗಂಡ ತೋರಿಸಿದರೆ ಸಾಕು, ವಿಚ್ಛೇದನ. ಹೆಂಡತಿಗೆ ಮಾತ್ರ ಗಂಡನ ವ್ಯಭಿಚಾರ ತೋರಿಸಿದರೆ ಸಾಲದು. ಜೊತೆಗೆ ಹಿಂಸೆಯನ್ನೋ ಎರಡು ವರ್ಷ ಬಿಟ್ಟುಹೋದದ್ದನ್ನೋ ರುಜುವಾತು ಮಾಡಬೇಕಿತ್ತು. ಬರೀ ಹೊಡೆಯುವ ಗಂಡನಿಂದ ಬಿಡುಗಡೆ ಇರಲಿಲ್ಲ. ಜಿಲ್ಲಾ ನ್ಯಾಯಾಲಯ ವಿಚ್ಛೇದನ ಕೊಟ್ಟರೂ ಹೈಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಸ್ಥಿರೀಕರಿಸಬೇಕಿತ್ತು. ಕೇಸು ನಡೆಯುವಾಗ ಸಿಗುವ ಜೀವನಾಂಶ ಗಂಡನ ಆದಾಯದ ಐದನೇ ಒಂದು ಭಾಗ ದಾಟುವಂತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಐವತ್ತಕ್ಕೂ ಹೆಚ್ಚು ವರ್ಷ ಇದು ಹೀಗೇ ನಡೆಯಿತು. 1955ರಲ್ಲೇ ಹಿಂದೂ ಹೆಣ್ಣುಮಕ್ಕಳಿಗೆ ಸಿಕ್ಕ ದಾರಿ ಕ್ರೈಸ್ತ ಹೆಣ್ಣುಮಕ್ಕಳಿಗೆ ಸಿಗಲಿಲ್ಲ. ಅಲ್ಪಸಂಖ್ಯಾತರ ಕಾನೂನನ್ನು ಮುಟ್ಟಲು ಸರ್ಕಾರಗಳಿಗೆ ಹಿಂಜರಿಕೆ. ಅದಕ್ಕೆ ಬೆಲೆ ತೆತ್ತವರು ಹೆಂಗಸರು. 1995ರಲ್ಲಿ ಕೇರಳ ಹೈಕೋರ್ಟ್, 1997ರಲ್ಲಿ ಬಾಂಬೆ ಹೈಕೋರ್ಟ್ ಈ ತಾರತಮ್ಯವನ್ನು ಹೊಡೆದುಹಾಕಿದ ಮೇಲೆ, 2001ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. ಗಂಡುಹೆಣ್ಣಿಗೆ ಬಹುತೇಕ ಒಂದೇ ಕಾರಣಗಳ ಪಟ್ಟಿ ಬಂತು. ಹಿಂಸೆ, ಬಿಟ್ಟುಹೋಗುವುದು ಒಂದೊಂದೂ ಸ್ವತಂತ್ರ ಕಾರಣವಾಯಿತು. ಹೈಕೋರ್ಟ್ ಸ್ಥಿರೀಕರಣದ ಕಾಟ ತಪ್ಪಿತು. ಐದನೇ ಒಂದರ ಮಿತಿಯೂ ಹೋಯಿತು. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿಯೂ ತೆರೆಯಿತು, ಅದು 10ಎ ಸೆಕ್ಷನ್.

ಇಲ್ಲೊಂದು ಕೊಂಕು ಉಳಿಯಿತು. ಹಿಂದೂ ವಿವಾಹ ಕಾಯ್ದೆಯಲ್ಲಿ, ವಿಶೇಷ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದರೆ ಸಾಕು. ಕ್ರೈಸ್ತರಿಗೆ ಎರಡು ವರ್ಷ. ಯಾಕೆ? ಕ್ರೈಸ್ತರ ಮನಸ್ತಾಪ ಬಲಿಯಲು ಜಾಸ್ತಿ ಸಮಯ ಬೇಕಾ? 2010ರಲ್ಲಿ ಕೇರಳ ಹೈಕೋರ್ಟ್ ಇದನ್ನು ಒಂದು ವರ್ಷ ಎಂದೇ ಓದಿಕೊಳ್ಳಬೇಕು ಎಂದಿತು. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2014ರಲ್ಲಿ ಅದೇ ದಾರಿ ಹಿಡಿಯಿತು. 2022ರ ಡಿಸೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ ವರ್ಷ ಜನವರಿಯಲ್ಲಿ ಮದುವೆಯಾದ ಜೋಡಿ ಮೇ ತಿಂಗಳಲ್ಲೇ ಅರ್ಜಿ ಹಾಕಿತ್ತು. ವರ್ಷ ಆಗಿಲ್ಲ ಎಂದು ಫ್ಯಾಮಿಲಿ ಕೋರ್ಟ್ ಅರ್ಜಿ ತೆಗೆದುಕೊಳ್ಳಲಿಲ್ಲ. ಹೈಕೋರ್ಟ್ ಆ ಒಂದು ವರ್ಷದ ಕಡ್ಡಾಯವೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಸಂಸತ್ತು ಮಾತ್ರ ಮೂಲ ಸಾಲನ್ನು ತಿದ್ದುವ ಗೋಜಿಗೆ ಹೋಗಿಲ್ಲ. ಪುಸ್ತಕ ತೆರೆದರೆ "ಎರಡು ವರ್ಷ" ಎಂದೇ ಇದೆ. ಇದೇ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಮಾನಸಿಕ ಅಸ್ವಸ್ಥರನ್ನು ಕರೆಯಲು "ಲೂನಟಿಕ್ ಆರ್ ಈಡಿಯಟ್" ಎಂಬ ಪದಗಳೂ ಹಾಗೇ ಕೂತಿವೆ. ಯಾವ ಪಕ್ಷಕ್ಕೂ ಇದರಿಂದ ಓಟು ಬರುವುದಿಲ್ಲ, ಅಲ್ವಾ?

ಚರ್ಚ್‌ನ ಕಡೆ ಬರೋಣ. ಹೊರಗಿನವರಿಗೆ ಹಾಗಿರಲಿ, ಪ್ರತಿ ಭಾನುವಾರ ಬಲಿಪೂಜೆಗೆ ಹೋಗುವವರಿಗೂ ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿರುವುದು ಕಡಿಮೆ.

ಕಲ್ಪನೆಯ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಂಟ್ವಾಳ ಕಡೆಯ ಹುಡುಗಿ. ಹುಡುಗ ಗಲ್ಫ್‌ನಲ್ಲಿ. ಅವನಿಗೆ ಸಿಗುವುದು ಒಂದು ತಿಂಗಳ ರಜೆ. ಊರಿಗೆ ಬಂದ ವಾರದಲ್ಲಿ ನೋಡುವ ಶಾಸ್ತ್ರ, ಮುಂದಿನ ಭಾನುವಾರಗಳಲ್ಲಿ ಚರ್ಚ್‌ನಲ್ಲಿ ಹೆಸರು ಓದುವುದು, ತೆಂಗಿನ ಹಾಲು ಹಚ್ಚುವ ರೋಸ್, ಮದುವೆ, ಮಾರನೇ ವಾರ ವಿಮಾನ. ಆಮೇಲೆ ಗೊತ್ತಾಗುತ್ತದೆ, ಅವನಿಗೆ ಅಲ್ಲೊಬ್ಬಳಿದ್ದಾಳೆ, ಮೊದಲಿನಿಂದಲೂ. ಅಮ್ಮನ ಒತ್ತಾಯಕ್ಕೆ ಇಲ್ಲಿ ಕತ್ತು ಬಗ್ಗಿಸಿದ್ದಾನೆ.

ಈ ಹುಡುಗಿ ಬಿಷಪ್ಪರ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ಅವಳಿಗೆ ಬರುವ ಪ್ರಶ್ನೆಗಳು ಮದುವೆ ಆದ ಮೇಲಿನ ಜಗಳದ ಬಗ್ಗೆ ಕಡಿಮೆ, ಮದುವೆಗೆ ಮೊದಲಿನ ದಿನಗಳ ಬಗ್ಗೆ ಜಾಸ್ತಿ. ಸಂಬಂಧ ತಂದವರು ಯಾರು? ಇಬ್ಬರೇ ಕೂತು ಮಾತಾಡಿದ್ದಿರಾ, ಎಷ್ಟು ಹೊತ್ತು? ಹುಡುಗ ಹಿಂಜರಿದದ್ದನ್ನು ಯಾರಾದರೂ ನೋಡಿದ್ದಾರಾ? ಹಿಂದಿನ ದಿನ ಅವನ ಮುಖ ಹೇಗಿತ್ತು? ಸಾಕ್ಷಿಗಳಾಗಿ ಬರುವುದು ಅಕ್ಕ, ಭಾವ, ಹುಡುಗನ ಗೆಳೆಯ, ಪಕ್ಕದ ಮನೆಯವರು. ಮದುವೆಗೆ ಮೊದಲು ಫಾದರ್ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದು ಫಾರಂ ತುಂಬಿಸಿರುತ್ತಾರೆ. "ನಿನ್ನ ಸ್ವಂತ ಇಚ್ಛೆಯಿಂದ ಮದುವೆಯಾಗುತ್ತಿದ್ದೀಯಾ? ಯಾರಾದರೂ ಒತ್ತಾಯ ಮಾಡಿದ್ದಾರಾ?" ಆಗ ಅವಸರದಲ್ಲಿ "ಇಲ್ಲ ಫಾದರ್" ಎಂದು ಸಹಿ ಹಾಕಿದ ಆ ಕಾಗದ ಈಗ ಫೈಲಿನಲ್ಲಿ ಬಂದು ಕೂರುತ್ತದೆ.

ಅಲ್ಲಿ ಒಬ್ಬ ಅಧಿಕಾರಿ ಇರುತ್ತಾರೆ, ಅವರ ಕೆಲಸವೇ ಮದುವೆಯ ಪರ ವಾದಿಸುವುದು. ಗಂಡನ ಪರವೂ ಅಲ್ಲ, ಹೆಂಡತಿಯ ಪರವೂ ಅಲ್ಲ, ಆ ಮದುವೆಯ ಬಂಧದ ಪರ. ಇಬ್ಬರೂ "ನಮಗೆ ಬೇಡ" ಎಂದರೂ ಇವರು "ಯಾಕೆ ಸಿಂಧು ಅಲ್ಲ?" ಎಂದು ಕೇಳುತ್ತಲೇ ಇರಬೇಕು. ನನಗೆ ಇದು ಕ್ಯಾನನ್ ಕಾನೂನಿನ ಒಂದು ಚೆಂದದ ಏರ್ಪಾಡು ಅನಿಸುತ್ತದೆ. ನಮ್ಮ ಫ್ಯಾಮಿಲಿ ಕೋರ್ಟ್‌ಗಳಲ್ಲಿ ಆ ಕುರ್ಚಿ ಇಲ್ಲ. ಆದರೆ ಹೊಡೆಸಿಕೊಂಡು ಬಂದ ಹೆಂಗಸಿಗೆ ಎದುರು ಕೂತ ಆ ಅಧಿಕಾರಿ ಹೇಗೆ ಕಾಣಿಸಬಹುದು ಎಂದೂ ಯೋಚಿಸಬೇಕು. ಪ್ರಶ್ನೆ ಕೇಳುವ ರೀತಿಯಲ್ಲೇ ಅರ್ಧ ನ್ಯಾಯ ಇರುತ್ತದೆ.

ಅಸಿಂಧು ಎನ್ನಲು ಕಾರಣಗಳು 1983ರ ಕ್ಯಾನನ್ ಸಂಹಿತೆಯಲ್ಲಿವೆ. ಬಲವಂತ ಅಥವಾ ಭಯ. ಮುಖ್ಯವಾದದ್ದನ್ನು ಮುಚ್ಚಿಟ್ಟು ಮಾಡಿದ ಮೋಸ. ಮಕ್ಕಳೇ ಬೇಡ ಅಥವಾ ನಿಷ್ಠೆ ಬೇಡ ಎಂದು ಒಳಗೊಳಗೇ ನಿರ್ಧರಿಸಿ ಬಾಯಲ್ಲಿ ಮಾತ್ರ ಪ್ರತಿಜ್ಞೆ ಮಾಡಿದ್ದು. ಜಾಸ್ತಿ ಬಳಕೆಯಾಗುವುದು 1095ನೇ ನಿಯಮ. ಮದುವೆ ಎಂದರೇನು ಎಂದು ತೂಗಿ ನೋಡುವ ಪ್ರಬುದ್ಧತೆ ತೀರಾ ಇಲ್ಲದಿರುವುದು, ಅಥವಾ ಮಾನಸಿಕ ಕಾರಣದಿಂದ ಅದರ ಹೊಣೆ ಹೊರಲು ಆಗದಿರುವುದು ಅದರಲ್ಲಿ ಬರುತ್ತದೆ. ನಮ್ಮ ಉದಾಹರಣೆಯ ಹುಡುಗಿಗೆ ಇವುಗಳಲ್ಲಿ ಒಂದಾದರೂ ಹೊಂದಬಹುದು. ರುಜುವಾತಿನ ಭಾರ ಅವಳದೇ.

ಹಿಂದೆ ಒಂದು ನ್ಯಾಯಮಂಡಳಿ ಅಸಿಂಧು ಎಂದರೂ ಇನ್ನೊಂದು ಮಂಡಳಿ ಅದನ್ನೇ ಒಪ್ಪಬೇಕಿತ್ತು. ವರ್ಷಗಟ್ಟಲೆ ಎಳೆಯುತ್ತಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಇದನ್ನು ಬದಲಾಯಿಸಿದರು. ಮೇಲ್ಮನವಿ ಇಲ್ಲದಿದ್ದರೆ ಒಂದೇ ತೀರ್ಪು ಸಾಕು. ಇಬ್ಬರೂ ಒಪ್ಪಿ, ಸಾಕ್ಷ್ಯ ಕಣ್ಣಿಗೆ ಹೊಡೆಯುವಂತಿದ್ದರೆ ಬಿಷಪ್ಪರೇ ಚಿಕ್ಕ ವಿಚಾರಣೆಯಲ್ಲಿ ತೀರ್ಮಾನಿಸಬಹುದು. ಸಾಧ್ಯವಾದಷ್ಟು ಉಚಿತವಾಗಿ ನಡೆಯಲಿ ಎಂದೂ ಹೇಳಿದರು. ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಗುರುಗಳಲ್ಲದ ಸಾಮಾನ್ಯ ವಿಶ್ವಾಸಿಗಳೂ ಆಗಬಹುದು, ಹೆಂಗಸರೂ ಆಗಬಹುದು. "ದುಡ್ಡಿದ್ದವರಿಗೆ ಮಾತ್ರ ಅನಲ್‌ಮೆಂಟ್" ಎಂಬ ಮಾತು ಊರಲ್ಲಿ ಇನ್ನೂ ಓಡಾಡುತ್ತಿದೆಯಾದರೆ, ನಿಯಮ ಬದಲಾದ ಸುದ್ದಿ ಪೂಜೆಯ ಪ್ರವಚನದವರೆಗೆ ಬಂದಿಲ್ಲ ಎಂದೇ ಅರ್ಥ.

ಇನ್ನು ಜನರ ಬಾಯಲ್ಲಿರುವ ಕೆಲವು ಮಾತು. "ಡೈವೋರ್ಸ್ ಆದವರಿಗೆ ಪರಮಪ್ರಸಾದ ಇಲ್ಲ." ಪರಮಪ್ರಸಾದ ಎಂದರೆ ಬಲಿಪೂಜೆಯಲ್ಲಿ ವಿಶ್ವಾಸಿಗಳಿಗೆ ಕೊಡುವ ಪವಿತ್ರ ರೊಟ್ಟಿ. ಈ ಮಾತು ಸುಳ್ಳು. ಕೋರ್ಟ್‌ನಲ್ಲಿ ವಿಚ್ಛೇದನ ಪಡೆದು ಮತ್ತೆ ಮದುವೆಯಾಗದೆ ಇರುವವರು ಪರಮಪ್ರಸಾದ ಸ್ವೀಕರಿಸಲು ಚರ್ಚ್‌ನ ಯಾವ ಅಡ್ಡಿಯೂ ಇಲ್ಲ. ತೊಡಕು ಬರುವುದು ಚರ್ಚ್‌ನ ಅಸಿಂಧು ಆದೇಶವಿಲ್ಲದೆ ಮರುಮದುವೆಯಾದವರಿಗೆ. ಆ ವಿಷಯದಲ್ಲೂ 2016ರ 'ಅಮೋರಿಸ್ ಲೆತೀಸಿಯಾ' ಪತ್ರದಲ್ಲಿ ಫ್ರಾನ್ಸಿಸ್ ಬಾಗಿಲನ್ನು ಸ್ವಲ್ಪ ತೆರೆದರು. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ, ಒಬ್ಬೊಬ್ಬರ ಕಥೆ ಕೇಳಿ, ಜೊತೆಗೆ ನಡೆಯಿರಿ ಎಂದರು. ಅದರ ಒಂದು ಅಡಿಟಿಪ್ಪಣಿಯ ಮೇಲೆ ಪೋಪ್ ನಂತರದ ಹಿರಿಯರಾದ ಕಾರ್ಡಿನಲ್‌ಗಳೇ ಜಗಳಕ್ಕೆ ನಿಂತರು, ನಾಲ್ವರು ಬಹಿರಂಗವಾಗಿ ಪ್ರಶ್ನೆ ಹಾಕಿದರು. ರೋಮಿನ ಆ ಜಗಳ ಏನೇ ಇರಲಿ, ಗಂಡ ಬಿಟ್ಟುಹೋದ ಹೆಂಗಸು ಹಿಂದಿನ ಬೆಂಚಿನಲ್ಲಿ ಕೂತು, ಎಲ್ಲರೂ ಸಾಲಿನಲ್ಲಿ ಎದ್ದಾಗ ತಾನು ಮಾತ್ರ ಕೂತೇ ಇರುವುದಕ್ಕೆ ಯಾವ ಕಾನೂನೂ ಕಾರಣವಲ್ಲ. ಯಾರೋ ಹೇಳಿದ್ದನ್ನು ಅವಳು ನಂಬಿದ್ದಾಳೆ, ಅಷ್ಟೇ.

ಇನ್ನೊಂದು ಮಾತು, "ಅಡ್ಜಸ್ಟ್ ಮಾಡಿಕೊಳ್ಳಮ್ಮ, ಅದು ನಿನ್ನ ಶಿಲುಬೆ." ಎಷ್ಟು ಮನೆಗಳಲ್ಲಿ ಇದು ಕೇಳಿಸುತ್ತದೆ! ಹೇಳುವವರು ಸಾಮಾನ್ಯವಾಗಿ ಬೈಬಲ್ಲಿನ ಎಫೆಸದವರ ಪತ್ರ ಐದನೇ ಅಧ್ಯಾಯ ತೆಗೆಯುತ್ತಾರೆ. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಬೇಕು ಎಂಬ ಸಾಲು 22ನೇ ವಚನದಲ್ಲಿದೆ, ನಿಜ. ಅದರ ಹಿಂದಿನ 21ನೇ ವಚನದಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿದೆ. 25ರಲ್ಲಿ ಗಂಡ ತನ್ನನ್ನೇ ಒಪ್ಪಿಸಿಕೊಡುವಷ್ಟು ಪ್ರೀತಿಸಬೇಕು ಎಂದಿದೆ. ಓದುವವರು ಮಧ್ಯದ ಒಂದನ್ನೇ ಓದುತ್ತಾರೆ, ಸುಮ್ನೆ ಅಲ್ಲ, ಅನುಕೂಲಕ್ಕೆ.

ಕ್ಯಾನನ್ ಕಾನೂನು ಈ ಅತ್ತೆಮಾವಂದಿರಿಗಿಂತ ಎಷ್ಟೋ ಮೆತ್ತಗಿದೆ. ಅದರ 1153ನೇ ನಿಯಮದ ಪ್ರಕಾರ ಗಂಡ ಅಥವಾ ಹೆಂಡತಿಯಿಂದ ಇನ್ನೊಬ್ಬರ ಅಥವಾ ಮಕ್ಕಳ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆ ಹೋಗಲು ನ್ಯಾಯವಾದ ಕಾರಣವಿದೆ. ಮಾಮೂಲಿಗೆ ಬಿಷಪ್ಪರ ಆದೇಶ ಬೇಕು. ತಡ ಮಾಡಿದರೆ ಅಪಾಯ ಎಂದಾದರೆ ತಾನೇ ಎದ್ದು ಹೊರಡಬಹುದು. ಮದುವೆಯ ಬಂಧ ಉಳಿಯುತ್ತದೆ, ಒಂದೇ ಸೂರಿನಡಿ ಇರಬೇಕಾಗಿಲ್ಲ. ಹಿಂಸೆಯಿಂದ ಹೆಂಡತಿ ಮಕ್ಕಳನ್ನು ಪಾರು ಮಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಎಂದು ಫ್ರಾನ್ಸಿಸ್ ಕೂಡ ಬರೆದರು. ಜೊತೆಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಯಾವ ಧರ್ಮದ ಹೆಂಗಸಿಗೂ ಅನ್ವಯ. ಅದಕ್ಕೆ ಚರ್ಚ್‌ನ ಚೀಟಿ ಬೇಡ. "ಚರ್ಚ್ ಬಿಡುವುದಿಲ್ಲ" ಎಂದು ಮಗಳನ್ನು ವಾಪಸ್ ಕಳಿಸುವ ಅಪ್ಪಅಮ್ಮ ಹೆದರುವುದು ಚರ್ಚ್‌ಗಲ್ಲ, ನೆರೆಹೊರೆಗೆ.

ಮಕ್ಕಳ ವಿಷಯಕ್ಕೆ ಬಂದರೆ ದೊಡ್ಡ ಹೆದರಿಕೆ ಒಂದೇ. "ಮದುವೆಯೇ ಅಸಿಂಧು ಎಂದರೆ ನನ್ನ ಮಗು ಏನಾಯಿತು?" ಈ ಒಂದು ಭಯಕ್ಕೆ ಎಷ್ಟೋ ತಾಯಂದಿರು ನ್ಯಾಯಮಂಡಳಿಯ ಹೊಸ್ತಿಲು ತುಳಿಯುವುದಿಲ್ಲ. ಚರ್ಚ್‌ನ ಉತ್ತರ ಖಚಿತ. ಇಬ್ಬರಲ್ಲಿ ಒಬ್ಬರಾದರೂ ಒಳ್ಳೆಯ ನಂಬಿಕೆಯಿಂದ ಮಾಡಿಕೊಂಡ ಮದುವೆಯಲ್ಲಿ ಹುಟ್ಟಿದ ಮಗು ಸಕ್ರಮವೇ. ಆಮೇಲೆ ಆ ಮದುವೆ ಅಸಿಂಧು ಎಂದಾದರೂ ಅದು ಬದಲಾಗುವುದಿಲ್ಲ. ಇದು 1137ನೇ ನಿಯಮ.

ಇಲ್ಲಿ ದೇಶದ ಕಾನೂನೇ ಹಿಂದೆ ಬಿದ್ದಿದೆ. ಹಿಂದೂ ವಿವಾಹ ಕಾಯ್ದೆಯ 16ನೇ ಸೆಕ್ಷನ್ ಅಸಿಂಧು ಮದುವೆಯ ಮಕ್ಕಳನ್ನೆಲ್ಲ ಸಕ್ರಮ ಎನ್ನುತ್ತದೆ. ಕ್ರೈಸ್ತರ ವಿಚ್ಛೇದನ ಕಾಯ್ದೆಯ 21ನೇ ಸೆಕ್ಷನ್ ರಕ್ಷಣೆ ಕೊಡುವುದು ಎರಡೇ ಸಂದರ್ಭದಲ್ಲಿ: ಮೊದಲ ಸಂಗಾತಿ ಸತ್ತಿದ್ದಾರೆಂದು ನಂಬಿ ಮದುವೆಯಾಗಿದ್ದರೆ, ಅಥವಾ ಒಬ್ಬರು ಬುದ್ಧಿಸ್ವಾಧೀನದಲ್ಲಿರಲಿಲ್ಲ ಎಂಬ ಕಾರಣಕ್ಕೆ ರದ್ದಾಗಿದ್ದರೆ. ಅದೂ ಮದುವೆಯಾಗಲು ಅರ್ಹರಾಗಿದ್ದ ಒಬ್ಬ ಪೋಷಕರ ಆಸ್ತಿಗೆ ಮಾತ್ರ. ಕ್ರೈಸ್ತ ವೈಯಕ್ತಿಕ ಕಾನೂನಿನಲ್ಲಿ ತಿದ್ದಬೇಕಾದದ್ದು ಏನು ಎಂದು ಕೇಳಿದರೆ ನಾನು ಮೊದಲು ಬೆರಳು ಇಡುವುದು ಇಲ್ಲಿಗೆ. ಕಾಯುವ ಅವಧಿಯ ಬಗ್ಗೆ ನಡೆದಷ್ಟು ಚರ್ಚೆ ಇದರ ಬಗ್ಗೆ ನಡೆದಿಲ್ಲ.

ಕಸ್ಟಡಿ ಪೂರ್ತಿ ಕೋರ್ಟಿನ ಕೆಲಸ. ಮಗುವಿನ ಹಿತವೇ ಅಳತೆ, ಧರ್ಮ ಯಾವುದಾದರೂ. ಆದರೆ ಕೋರ್ಟ್ ಆದೇಶದ ಆಚೆ ದಿನನಿತ್ಯದ ಬದುಕಿದೆ. ಭಾನುವಾರದ ಧರ್ಮೋಪದೇಶದ ಕ್ಲಾಸಿಗೆ ಯಾವ ಚರ್ಚ್‌ಗೆ ಕಳಿಸುವುದು, ಅಪ್ಪನ ಊರಿನದ್ದಾ ಅಮ್ಮನ ಊರಿನದ್ದಾ? ಮೊದಲ ಪರಮಪ್ರಸಾದದ ಫೋಟೋದಲ್ಲಿ ಯಾರು ನಿಲ್ಲುವುದು? ಫಾರಂನಲ್ಲಿ "ತಂದೆಯ ಸಹಿ" ಎಂಬ ಜಾಗ ಖಾಲಿ ಬಿಟ್ಟರೆ ಕ್ಲಾಸಿನಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಮಕ್ಕಳನ್ನು ಒತ್ತೆಯಾಳು ಮಾಡಿಕೊಳ್ಳಬೇಡಿ ಎಂದು ಬೇರೆಯಾದ ದಂಪತಿಗೆ ಫ್ರಾನ್ಸಿಸ್ ಬೇಡಿಕೊಂಡಿದ್ದರು. ಮರುಮದುವೆಯಾದ ಪೋಷಕರನ್ನು ದೂರ ಇಟ್ಟರೆ ಅವರ ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸುವವರು ಯಾರು ಎಂದೂ ಕೇಳಿದ್ದರು. ಒಂಟಿ ತಾಯಿಯ ಮಗುವಿಗೆ ಸ್ನಾನದೀಕ್ಷೆ (ಬ್ಯಾಪ್ಟಿಸಂ) ಕೊಡಲು ಹಿಂದೆಮುಂದೆ ನೋಡುವ ಫಾದರ್ ಯಾರಾದರೂ ಇದ್ದರೆ ಅವರಿಗೆ ಈ ಸಾಲುಗಳನ್ನು ತೋರಿಸಬಹುದು.

ಪ್ರೊಟೆಸ್ಟಂಟರ ದಾರಿ ಬೇರೆ. ಮದುವೆ ಲೋಕದ ವ್ಯವಹಾರ ಎಂದು 16ನೇ ಶತಮಾನದಲ್ಲೇ ಮಾರ್ಟಿನ್ ಲೂಥರ್ ಹೇಳಿದ್ದ. ದೇವರ ಆಶೀರ್ವಾದ ಅದಕ್ಕಿದೆ, ಆದರೆ ಅದು ಸಂಸ್ಕಾರವಲ್ಲ. ಹಾಗಾಗಿ ಸಿಎಸ್‌ಐನಂಥ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಕಥೋಲಿಕರಂತೆ ಅಸಿಂಧು ಸಾರುವ ಏರ್ಪಾಡಿಲ್ಲ. ಕೋರ್ಟ್ ವಿಚ್ಛೇದನವೇ ವಿಚ್ಛೇದನ. ಆಮೇಲೆ ಮರುಮದುವೆ ಮಾಡಿಸಬೇಕಾ ಬೇಡವಾ ಎಂಬುದು ಸಭೆಯಿಂದ ಸಭೆಗೆ, ಪಾದ್ರಿಯಿಂದ ಪಾದ್ರಿಗೆ ಬದಲಾಗುತ್ತದೆ. ಎರಡು ತೀರ್ಪಿನ ತೊಂದರೆ ಅಲ್ಲಿಲ್ಲ. ಬಾಯಿಮಾತಿನ ತೀರ್ಪು ಮಾತ್ರ ಅಲ್ಲೂ ಇದೆ.

ಮತ್ತೆ ಕಥೋಲಿಕರ ಕಡೆ. ನ್ಯಾಯಮಂಡಳಿಗೆ ಬರುವ ಕೇಸುಗಳಲ್ಲಿ ಅಪ್ರಬುದ್ಧತೆ, ಮೋಸ, ಒತ್ತಾಯಗಳೇ ಕಾರಣ ಎಂದರೆ, ತೂತು ಇರುವುದು ಮದುವೆಯ ಮುಂಚಿನ ದಿನಗಳಲ್ಲಿ. ಧರ್ಮಪ್ರಾಂತ್ಯಗಳು, ಅಂದರೆ ಒಬ್ಬೊಬ್ಬ ಬಿಷಪ್ಪರ ಆಡಳಿತದ ಪ್ರದೇಶಗಳು, ಸಾಮಾನ್ಯವಾಗಿ ಮದುವೆಗೆ ಮೊದಲು ಒಂದು ತರಬೇತಿ ನಡೆಸುತ್ತವೆ. ಕೆಲವೇ ದಿನ. ಸರ್ಟಿಫಿಕೇಟ್ ಸಿಕ್ಕರೆ ಸಾಕು ಎಂದು ಬರುವವರೇ ಜಾಸ್ತಿ. 2022ರಲ್ಲಿ ವ್ಯಾಟಿಕನ್ ಹೊಸ ಮಾರ್ಗಸೂಚಿ ಹೊರಡಿಸಿ, ತಯಾರಿ ತಿಂಗಳುಗಟ್ಟಲೆ ನಡೆಯಲಿ, ಮದುವೆಯ ನಂತರದ ಮೊದಲ ವರ್ಷಗಳಲ್ಲೂ ಜೊತೆ ಬಿಡಬೇಡಿ ಎಂದಿತು. ಗುರುಗಳಾಗುವವರ ತಯಾರಿಗೆ ವರ್ಷಗಟ್ಟಲೆ ಕೊಡುವ ಚರ್ಚ್ ಮದುವೆಯಾಗುವವರಿಗೆ ಕೆಲವೇ ವಾರ ಕೊಡುತ್ತದಲ್ಲ ಎಂದು ಅದರ ಮುನ್ನುಡಿಯಲ್ಲಿ ಫ್ರಾನ್ಸಿಸ್ ಬೇಸರಪಟ್ಟಿದ್ದರು. ಮಾತು ಸರಿ. ಆದರೆ ಒಂದು ತಿಂಗಳ ರಜೆಗೆ ಬಂದ ಗಲ್ಫ್ ಹುಡುಗನಿಗೆ ಒಂದು ವರ್ಷದ ತಯಾರಿ ಹೇಗೆ? ಆನ್‌ಲೈನ್ ಕ್ಲಾಸು ಒಂದು ದಾರಿ. ಅದಕ್ಕಿಂತ ಮುಖ್ಯ, ಆ ಫಾರಂ ತುಂಬಿಸುವ ಅರ್ಧ ಗಂಟೆಯಲ್ಲಿ ಫಾದರ್ ತಲೆ ಎತ್ತಿ ಮುಖ ನೋಡುವುದು. ಹಿಂಜರಿಕೆ ಕಂಡರೆ ದಿನಾಂಕ ಮುಂದೆ ಹಾಕುವ ಧೈರ್ಯ ಬೇಕು. ಹಾಲ್ ಬುಕ್ ಆಗಿದೆ, ಕಾರ್ಡು ಹಂಚಿದ್ದಾಗಿದೆ ಎಂದು ಎರಡೂ ಮನೆಯವರು ಮೇಲೆ ಬೀಳುತ್ತಾರೆ. ಬೀಳಲಿ.

ಚರ್ಚ್ ಆದೇಶಕ್ಕೆ ಕಾನೂನಿನ ಬಲ ಕೊಡುವ ಪದ್ಧತಿ ಎಲ್ಲೂ ಇಲ್ಲ ಎಂದೇನಿಲ್ಲ. ಇಟಲಿಯಲ್ಲಿ ಮೇಲ್ಮನವಿ ಕೋರ್ಟ್ ಪರಿಶೀಲಿಸಿದ ಮೇಲೆ ಬಲ ಬರುತ್ತದೆ. ನಮ್ಮ ಪಕ್ಕದ ಗೋವಾದಲ್ಲೂ ಪೋರ್ಚುಗೀಸರ ಕಾಲದ 1946ರ ಕಾನೂನಿನಲ್ಲಿ ಇಂಥದ್ದೇ ಏರ್ಪಾಡು ಇತ್ತು. ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಏಕರೂಪ ನಾಗರಿಕ ಸಂಹಿತೆ ಜಾರಿಯಾಗಿ ಗಾಳಿ ಬೀಸುತ್ತಿರುವುದು ಇದರ ತದ್ವಿರುದ್ಧ ದಿಕ್ಕಿಗೆ. ಕರ್ನಾಟಕದ ಕ್ರೈಸ್ತ ದಂಪತಿಗೆ ಹತ್ತಿರದಲ್ಲಿ ಎರಡು ಬಾಗಿಲು ಒಂದಾಗುವ ಸೂಚನೆ ಇಲ್ಲ.

ಹಾಗಾದರೆ ಈಗ ಮಾಡುವುದೇನು? ಮತ್ತೆ ಮದುವೆಯಾಗುವ ಯೋಚನೆ ಇರುವ ಕಥೋಲಿಕರಿಗೆ ಎರಡೂ ಕಾಗದ ಬೇಕು, ಯಾವುದನ್ನೂ ಬಿಡುವಂತಿಲ್ಲ. ಚರ್ಚ್‌ನ ಆದೇಶ ಮಾತ್ರ ಇದ್ದರೆ ಎರಡನೇ ಮದುವೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಜೈಲಿನ ಭಯವೂ ಉಂಟು. ಕೋರ್ಟ್ ಡಿಕ್ರಿ ಮಾತ್ರ ಇದ್ದರೆ ಚರ್ಚ್‌ನಲ್ಲಿ ಮದುವೆ ಆಗುವುದಿಲ್ಲ. ಚರ್ಚ್ ಲೆಕ್ಕದಲ್ಲಿ ಮೊದಲ ಮದುವೆ ಇನ್ನೂ ಇದೆ. ಅದನ್ನು ಮುಚ್ಚಿಡಲೂ ಆಗುವುದಿಲ್ಲ, ಯಾಕೆಂದರೆ ಮದುವೆಯಾದ ತಕ್ಷಣ ಆ ಸುದ್ದಿ ಸ್ನಾನದೀಕ್ಷೆ ಪಡೆದ ಚರ್ಚ್‌ಗೆ ಹೋಗಿ, ಅಲ್ಲಿನ ಪುಸ್ತಕದಲ್ಲಿ ನಿಮ್ಮ ಹೆಸರಿನ ಪಕ್ಕ ದಾಖಲಾಗಿರುತ್ತದೆ. ಮುಂದಿನ ಮದುವೆಗೆ ಹೊಸ ಸ್ನಾನದೀಕ್ಷೆ ಸರ್ಟಿಫಿಕೇಟ್ ಕೇಳುವುದು ಅದಕ್ಕೇ. ಬರೀ ಬೇರೆಯಾಗಿ ನೆಮ್ಮದಿಯಿಂದ ಬದುಕಬೇಕು ಎನ್ನುವವರಿಗೆ ಕೋರ್ಟಿನ ಆದೇಶವೇ ಸಾಕು, ಜೀವನಾಂಶ ಮತ್ತು ಕಸ್ಟಡಿ ಅಲ್ಲೇ ಸಿಗುವುದು. ಎರಡ್ಮೂರು ವರ್ಷ ನ್ಯಾಯಮಂಡಳಿಯಲ್ಲಿ ಕಳೆದು, ಆಮೇಲೆ ವಕೀಲರ ಹತ್ತಿರ ಹೋಗಿ ಮೊದಲಿನಿಂದ ಶುರು ಮಾಡುವ ಬದಲು, ಎರಡನ್ನೂ ಜೊತೆಜೊತೆಗೆ ನಡೆಸುವುದು ಜಾಣತನ. ಒಂದರ ಸಾಕ್ಷ್ಯ ಇನ್ನೊಂದಕ್ಕೆ ಹಾಗೇ ಸಲ್ಲುವುದಿಲ್ಲ ಎಂಬುದು ನೆನಪಿರಲಿ.

ಒಂದು ಸಣ್ಣ ಕೆಲಸ ಮಾತ್ರ ಬಿಷಪ್ಪರುಗಳು ನಾಳೆಯೇ ಮಾಡಬಹುದು. ಅಸಿಂಧು ಎಂದು ಸಾರುವ ತೀರ್ಪಿನಲ್ಲಿ, ಪರಸ್ಪರರ ಮತ್ತು ಮಕ್ಕಳ ಕಡೆಗೆ ಇಬ್ಬರಿಗೂ ಇರುವ ನೈತಿಕ ಹಾಗೂ ಕಾನೂನಿನ ಹೊಣೆಯನ್ನು ನೆನಪಿಸಬೇಕು ಎಂದು ಕ್ಯಾನನ್ ಸಂಹಿತೆಯೇ ಹೇಳುತ್ತದೆ. ಅದೇ ಪ್ಯಾರಾದಲ್ಲಿ ಇನ್ನೊಂದು ಸಾಲನ್ನು ದಪ್ಪ ಅಕ್ಷರದಲ್ಲಿ ಸೇರಿಸಲಿ: "ಈ ಆದೇಶದಿಂದ ಭಾರತದ ಕಾನೂನಿನ ಪ್ರಕಾರ ನಿಮ್ಮ ಮದುವೆ ಮುಗಿದಿಲ್ಲ. ಕೋರ್ಟ್ ಡಿಕ್ರಿ ಸಿಗುವವರೆಗೆ ಮತ್ತೆ ಮದುವೆಯಾದರೆ ಅದು ಅಪರಾಧ." ಕನ್ನಡದಲ್ಲಿ, ಕೊಂಕಣಿಯಲ್ಲಿ, ಓದುವವರಿಗೆ ಅರ್ಥವಾಗುವ ಭಾಷೆಯಲ್ಲಿ. ಇದಕ್ಕೆ ರೋಮಿನ ಅನುಮತಿಯೂ ಬೇಡ, ದೆಹಲಿಯ ತಿದ್ದುಪಡಿಯೂ ಬೇಡ.